ವ್ಯಸನಿಯ ಮೊದಲ ವೈದ್ಯ

‘ವ್ಯಸನ’ವೆಂದರೆ ದುಃಖವೂ ಹೌದು, ಬಿಡಲಾರದ ಚಟವೂ ಹೌದು. ಒಂದೇ ಶಬ್ದ ಎರಡನ್ನೂ ಹೊತ್ತಿದೆ. ಹೆರಾಯಿನ್ನಿಗೆ ಸಿಕ್ಕಿಬಿದ್ದವನು ಊರಿನ ವೈದ್ಯರ ಬಾಗಿಲಿಗೆ ಬಂದಾಗ ಅವರು ಚಟವನ್ನಷ್ಟೇ ಕಂಡು ದುಃಖವನ್ನು ಕಾಣದಿದ್ದರೆ, ಅವನು ಮತ್ತೆ ಆ ಕಡೆ ಸುಳಿಯನು.

ಅಮೆರಿಕದ ನ್ಯೂ ಮೆಕ್ಸಿಕೋ ವಿಸ್ತಾರವಾದ, ಆದರೆ ಜನವಿರಳವಾದ ರಾಜ್ಯ. ಹಳ್ಳಿಗಾಡಿನಲ್ಲಿ ತಜ್ಞರು ದುರ್ಲಭ. 2003ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಡಾ. ಸಂಜೀವ್ ಅರೋರಾ ಅವರು ಯಕೃತ್ತಿನ ರೋಗವಾದ ಹೆಪಟೈಟಿಸ್-ಸಿಯ ಚಿಕಿತ್ಸೆಯನ್ನು ಹಳ್ಳಿಯ ವೈದ್ಯರಿಗೆ ದೂರದಿಂದಲೇ ಕಲಿಸುವ ‘ಎಕೋ’ ಕ್ರಮವನ್ನು ಆರಂಭಿಸಿದರು. ಅಲ್ಲಿ ಪಾಠವೆಂದರೆ ಬರಿಯ ಭಾಷಣವಲ್ಲ. ವೈದ್ಯರು ರೋಗಿಯ ಹೆಸರು ಹೇಳದೆ ಅವನ ಸಂಗತಿಯನ್ನು ತೆರೆಯ ಮೇಲೆ ಮಂಡಿಸುತ್ತಾರೆ. ತಜ್ಞರೂ ಇತರ ಊರುಗಳ ವೈದ್ಯರೂ ಕೂಡಿ ವಿಚಾರಮಾಡುತ್ತಾರೆ. (ನಮ್ಮ ಶಾಲೆಗಳಿಗೂ ಬರಬೇಕಾದ ಪದ್ಧತಿ!) ಮುಂದೆ ಮಾದಕವ್ಯಸನದ ಚಿಕಿತ್ಸೆಯೂ ಇದರಲ್ಲಿ ಸೇರಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇದೇ ಮಾರ್ಗದಲ್ಲಿ ವೈದ್ಯರಿಗೆ ತರಬೇತಿ ನೀಡಿದೆ.

ಕಲಿಯಬೇಕಾದ ಸೂಕ್ಷ್ಮಗಳು ಹಲವು. ಬ್ಯುಪ್ರೆನಾರ್ಫಿನ್ ಮಾತ್ರೆ ಹೆರಾಯಿನ್ನಿನ ಹಂಬಲವನ್ನು ತಗ್ಗಿಸುತ್ತದೆ. ಆದರೆ ಹೆರಾಯಿನ್ನಿನ ಪ್ರಭಾವ ಇಳಿಯುವ ಮೊದಲೇ ಕೊಟ್ಟರೆ ವಾಂತಿ, ನಡುಕ, ಮೈನೋವುಗಳು ಒಮ್ಮೆಲೇ ಏಳುತ್ತವೆ, ರೋಗಿ ಔಷಧಿಯನ್ನೇ ಶಪಿಸಿ ಹೊರಟುಹೋಗುತ್ತಾನೆ. ಇದಕ್ಕಿಂತ ಭಯಂಕರವಾದುದು ಇನ್ನೊಂದುಂಟು: ಕೆಲವು ವಾರ ಬಿಟ್ಟಿದ್ದವನ ಶರೀರ ಹಳೆಯ ಪ್ರಮಾಣವನ್ನು ತಾಳಲಾರದು. ಮರಳಿ ಅಷ್ಟನ್ನೇ ತೆಗೆದುಕೊಂಡರೆ ಉಸಿರೇ ನಿಂತೀತು. ಆದ್ದರಿಂದ, ಬಿಟ್ಟೆನೆಂದು ನಗುತ್ತ ಬಂದವನಿಗೂ ಅವನ ಮನೆಯವರಿಗೂ ವೈದ್ಯರು ಈ ಮಾತನ್ನು ಅಂದೇ ತಿಳಿಸಿ, ನಲಾಕ್ಸೋನ್ ಎಂಬ ಪ್ರತ್ಯೌಷಧವನ್ನು ಬಳಸುವ ಬಗೆಯನ್ನು ಕಲಿಸಿ ಕಳುಹಿಸಬೇಕು.