ಹಳೆಯ ಬಂಡಿ, ಹೊಸ ಹೆದ್ದಾರಿ

ಎತ್ತುಗಳ ಗುಣ ಬಲ್ಲವರು ನಮ್ಮ ನಾಡಿನ ಎರಡು ತಳಿಗಳನ್ನು ವಿಶೇಷವಾಗಿ ಹೇಳುತ್ತಾರೆ. ಒಂದು, ಕೃಷ್ಣಾತೀರದ ಎತ್ತು. ಮೈ ದೊಡ್ಡದು, ನಡಿಗೆ ನಿಧಾನ. ಎರೆಯ ನೆಲದಲ್ಲಿ ನೇಗಿಲು ಆಳಕ್ಕೆ ಇಳಿದರೂ ಹೆಗಲು ಕೊಟ್ಟು ನಿಲ್ಲುವಂಥದು. ಇನ್ನೊಂದು, ಅಮೃತಮಹಲಿನ ಎತ್ತು. ಮೈ ಬಿಗಿ, ಕಾಲು ಚುರುಕು. ಮೈಸೂರಿನ ಅರಸರು, ಅವರ ಬಳಿಕ ಹೈದರ್ ಮತ್ತು ಟಿಪ್ಪು, ಸೈನ್ಯದ ಸರಂಜಾಮನ್ನು ಬೇಗ ಸಾಗಿಸುವುದಕ್ಕೆಂದು ಪೋಷಿಸಿದ ತಳಿ ಇದು. ಎಳೆಯುವ ಎತ್ತು ಬೇರೆ, ಓಡುವ ಎತ್ತು ಬೇರೆ ಎಂಬ ತಿಳಿವಳಿಕೆ ನಮ್ಮ ರೈತರಿಗೆ ಹೊಸದಲ್ಲ.

ಆದರೆ ಇಂದಿನ ಮಧ್ಯಮ ವರ್ಗದ ರೈತನ ಮನೆಯಲ್ಲಿ ಎರಡು ಜೋಡಿ ಎತ್ತು ಇರಲಿ, ಎರಡು ಮೋಟಾರು ಗಾಡಿಗಳೂ ಇರುವುದಿಲ್ಲ. ಇರುವುದು ಒಂದು. ಅದೇ ಎಳೆಯಬೇಕು, ಅದೇ ಓಡಬೇಕು. ಶ್ರೋತೃಗಳೆ, ಈ ಒಂದೇ ಗಾಡಿಯ ಎರಡು ಕೆಲಸಗಳ ವಿಚಾರವಾಗಿ ನನ್ನ ಅನುಭವಕ್ಕೆ ಬಂದ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ವಿಷಯ ಯಂತ್ರದ್ದಾದರೂ ಅದರ ತಿರುಳು ವಿವೇಕಕ್ಕೆ ಸೇರಿದ್ದೆಂದು ನನ್ನ ನಂಬಿಕೆ.

ನಮ್ಮ ಮನೆ ಇರುವುದು ಬಳ್ಳಾರಿ ನಗರದಲ್ಲಿ. ಕುರುಗೋಡಿನ ಹತ್ತಿರ ಮೆಣಸಿನಕಾಯಿ ಬೆಳೆಯುವ ಹೊಲವಿದೆ. ಸಿರುಗುಪ್ಪದ ಕಡೆ ತುಂಗಭದ್ರೆಯ ಕಾಲುವೆಯ ನೀರುಣ್ಣುವ ಭತ್ತದ ಗದ್ದೆಯಿದೆ. ಈ ಮೂರನ್ನೂ ಹೊಲಿಯುವ ದಾರ ಜೀಪಿನ ವಂಶಕ್ಕೆ ಸೇರಿದ ಒಂದು ಹಳೆಯ ಪಿಕಪ್ ಗಾಡಿ. ಸಿರುಗುಪ್ಪದಲ್ಲಿ ಅದು ಡೀಸೆಲ್ ಪಂಪನ್ನೂ ಕೊಳವೆಗಳನ್ನೂ ಹೇರಿದ ಟ್ರೇಲರನ್ನು ಗದ್ದೆಯಿಂದ ಗದ್ದೆಗೆ ಎಳೆಯುತ್ತದೆ. ಮಳೆಗಾಲದ ಎರೆಮಣ್ಣೆಂದರೆ ಏನೆಂಬುದನ್ನು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳಿದರೆ ಅರ್ಥವಾಗುವುದೂ ಕಷ್ಟ. ಮೆಣಸಿನಕಾಯಿ ಒಣಗಿದ ಮೇಲೆ ಇದೇ ಗಾಡಿ ಚೀಲಗಳನ್ನು ಹೇರಿಕೊಂಡು ಬ್ಯಾಡಗಿಯ ಮಾರುಕಟ್ಟೆಗೆ ಹೊರಡಬೇಕು. ಅದು ನೂರೈವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ಅದರ ಬಹುಭಾಗ ಈಗ ಅಗಲವಾದ, ನುಣುಪಾದ ಹೆದ್ದಾರಿ.

ಕೆಸರಿನಲ್ಲಿ ವೀರನಾದ ಗಾಡಿ ಹೆದ್ದಾರಿಯಲ್ಲಿ ದೀನವಾಗುತ್ತಿತ್ತು. ಗಂಟೆಗೆ ಅರವತ್ತು ಕಿಲೋಮೀಟರು ದಾಟಿದೊಡನೆ ಎಂಜಿನ್ ಅರಚತೊಡಗುವುದು. ಹಿಂದಿನ ಲಾರಿಗಳು ಹಾರನ್ ಹಾಕಿ ಒತ್ತಿಕೊಂಡು ಬರುವುವು. ಗಾಡಿ ನಡೆಸುವವನು ನನ್ನ ತಮ್ಮನ ಮಗ. ರಾತ್ರಿಯೆಲ್ಲ ಆ ಸದ್ದಿನಲ್ಲಿ ಕುಳಿತು ಬೆಳಗ್ಗೆ ಬ್ಯಾಡಗಿಯಲ್ಲಿ ಇಳಿದಾಗ ಅವನ ಕಿವಿಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಮರಳುವ ದಾರಿಯಲ್ಲಿ ಅವನಿಗೆ ತೂಕಡಿಕೆ ಬರುತ್ತಿತ್ತೆಂದು ತಿಳಿದ ದಿನ ಮನೆಯ ಹಿರಿಯರೆಲ್ಲ ಕೂಡಿ ಕುಳಿತೆವು. ಗಾಡಿಯನ್ನು ಮಾರುವುದೆ, ಅಥವಾ ಅದನ್ನು ಹೆದ್ದಾರಿಗೆ ಒಗ್ಗಿಸುವುದೆ? ಹೊಸದನ್ನು ಕೊಳ್ಳುವಷ್ಟು ಹಣ ಆ ವರ್ಷದ ಬೆಳೆಯಲ್ಲಿ ಇರಲಿಲ್ಲ. ಆದುದರಿಂದ ಒಗ್ಗಿಸುವ ದಾರಿಯನ್ನೇ ಹುಡುಕಿದೆವು.

ಎಂಜಿನ್ ಏಕೆ ಅರಚುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಗಾಡಿಯ ವಂಶಚರಿತ್ರೆಯನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲೀಸ್ ಕಂಪೆನಿ ಸೈನ್ಯಕ್ಕೆ ಜೀಪುಗಳನ್ನು ಮಾಡಿಕೊಟ್ಟಿತು. ಅದರ ಹಿಂದಿನ ಅಚ್ಚಿನಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ, ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಸೈನ್ಯದ ಜೀಪಿನಲ್ಲಿ ಪಿನಿಯನ್ 4.88 ಸುತ್ತು ಸುತ್ತಿದರೆ ರಸ್ತೆಯ ಚಕ್ರ ಒಂದು ಸುತ್ತು ಸುತ್ತುತ್ತಿತ್ತು. 1945ರಲ್ಲಿ ಅದೇ ಕಂಪೆನಿ ರೈತರಿಗಾಗಿ ಜೀಪನ್ನು ಮಾರುಕಟ್ಟೆಗೆ ತಂದಾಗ ಈ ಲೆಕ್ಕವನ್ನು ಬದಲಾಯಿಸಿತು. ಸಣ್ಣ ಗಾಲಿಗೆ 8 ಹಲ್ಲು, ದೊಡ್ಡದಕ್ಕೆ 43. ಅಂದರೆ ಅನುಪಾತ ಸುಮಾರು 5.38. ನೇಗಿಲನ್ನೂ ಬಂಡಿಯನ್ನೂ ಎಳೆಯಬೇಕಾದ ಜೀಪಿಗೆ ಓಟವನ್ನು ಕೊಂಚ ಕಡಿಮೆ ಮಾಡಿ ಎಳೆತವನ್ನು ಹೆಚ್ಚಿಸಿದರು. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ಜೀಪುಗಳ ಜೋಡಣೆಯನ್ನು ಕೈಗೊಂಡಿತು. ಮುಂದೆ ಅವುಗಳಿಗೆ ಡೀಸೆಲ್ ಎಂಜಿನ್ ಬಂತು, ಬೆನ್ನ ಮೇಲೆ ಸರಕಿನ ತೊಟ್ಟಿಯೂ ಬಂತು. ನಮ್ಮ ಗಾಡಿಯ ಅಚ್ಚಿನಲ್ಲಿ ಮಾತ್ರ ಅದೇ 8 ಮತ್ತು 43ರ ಲೆಕ್ಕ ಉಳಿದಿತ್ತು.

ಇಲ್ಲಿ ಸ್ವಲ್ಪ ಗಣಿತಕ್ಕೆ ತಾವು ಅಪ್ಪಣೆ ಕೊಡಬೇಕು. ನಮ್ಮ ಗಾಡಿಯ ಚಕ್ರ ಒಮ್ಮೆ ಉರುಳಿದರೆ ಸುಮಾರು 2.2 ಮೀಟರು ಮುಂದೆ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಅದು ನಿಮಿಷಕ್ಕೆ 450ಕ್ಕಿಂತ ತುಸು ಹೆಚ್ಚು ಸಲ ಉರುಳಬೇಕು. ನಾಲ್ಕನೆಯ ಗೇರಿನಲ್ಲಿ ಎಂಜಿನ್ನಿನ ಸುತ್ತು ನೇರವಾಗಿ ಅಚ್ಚಿಗೆ ಹೋಗುವುದರಿಂದ, ಅದನ್ನು 5.38ರಿಂದ ಗುಣಿಸಿದರೆ ಎಂಜಿನ್ ನಿಮಿಷಕ್ಕೆ 2,440 ಸುತ್ತು ಸುತ್ತುತ್ತಿರುತ್ತದೆ. 80 ಕಿಲೋಮೀಟರಿನಲ್ಲಿ ಅದೇ 3,250 ಆಗುತ್ತದೆ. ನಿಧಾನವಾಗಿ ದುಡಿಯುವುದಕ್ಕೆ ಹುಟ್ಟಿದ ಹಳೆಯ ಡೀಸೆಲ್ ಎಂಜಿನ್ನಿಗೆ ಗಂಟೆಗಟ್ಟಲೆ ಈ ಓಟ ಶಿಕ್ಷೆಯೇ ಸರಿ. ಅದೂ ಹೊರಗಿನ ಗಾಳಿಯೇ ನಾಲ್ವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ!

ಇದಕ್ಕೆ ಮೂರು ಪರಿಹಾರಗಳನ್ನು ಜನ ಹೇಳುತ್ತಾರೆ.

ಮೊದಲನೆಯದು, ದೊಡ್ಡ ಟೈರು ಹಾಕುವುದು. ಚಕ್ರ ದೊಡ್ಡದಾದರೆ ಒಂದು ಉರುಳಿಗೆ ಹೆಚ್ಚು ದಾರಿ ಸಾಗುತ್ತದೆ, ನಿಜ. ಆದರೆ ಎಳೆಯುವ ಬಲ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಅದೇ ಹಳೆಯ ಬ್ರೇಕು ಇನ್ನೂ ದೊಡ್ಡ ಚಕ್ರವನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ. ವೇಗ ತೋರಿಸುವ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಕಡಿಮೆ ಖರ್ಚಿನ ಈ ಉಪಾಯದಲ್ಲಿ ಮೂರು ಅಪಾಯಗಳು ಅಡಗಿವೆ.

ಎರಡನೆಯದು, ಅಚ್ಚಿನ ಹಲ್ಲುಗಾಲಿಗಳನ್ನೇ ಬದಲಾಯಿಸುವುದು. 5.38 ಇದ್ದಲ್ಲಿ 4.27 ಹಾಕಿದರೆ ಹೆದ್ದಾರಿಯಲ್ಲಿ ಎಂಜಿನ್ ಸುಖವಾಗಿ ಓಡುತ್ತದೆ. ಆದರೆ ಈ ಬದಲಾವಣೆ ಎಲ್ಲ ಗೇರುಗಳಿಗೂ ತಟ್ಟುತ್ತದೆ. ಮೊದಲನೆಯ ಗೇರು ಎಂಜಿನ್ನಿನ ಬಲವನ್ನು ನಾಲ್ಕು ಪಟ್ಟು ಮಾಡುತ್ತದೆಂದು ಇಟ್ಟುಕೊಳ್ಳೋಣ. ಅದು ಅಚ್ಚಿನಲ್ಲಿ ಮತ್ತೆ 5.38 ಪಟ್ಟಾಗಿ, ಚಕ್ರಕ್ಕೆ ತಲಪುವಾಗ ಇಪ್ಪತ್ತೊಂದೂವರೆ ಪಟ್ಟು ಆಗಿರುತ್ತದೆ. 4.27ರಲ್ಲಿ ಅದು ಹದಿನೇಳಕ್ಕೆ ಇಳಿಯುತ್ತದೆ. ನೂರರಲ್ಲಿ ಇಪ್ಪತ್ತು ಪಾಲು ಎಳೆತ ಹೋಯಿತು. ಸಿರುಗುಪ್ಪದ ಕೆಸರಿನಲ್ಲಿ ಟ್ರೇಲರು ಹೂತಾಗ ಬೇಕಾಗುವುದು ಈ ಇಪ್ಪತ್ತು ಪಾಲೇ. ನಾಲ್ಕು ಚಕ್ರಗಳಿಗೂ ಬಲ ಹರಿಯುವ ಗಾಡಿಯಾದರೆ ಮುಂದಿನ ಅಚ್ಚನ್ನೂ ಅದೇ ಲೆಕ್ಕಕ್ಕೆ ಬದಲಾಯಿಸಬೇಕು. ಇಲ್ಲವಾದರೆ ಮುಂದಿನ ಚಕ್ರ ಹಿಂದಿನದರೊಡನೆ ಜಗಳಕ್ಕೆ ಬೀಳುತ್ತದೆ.

ಮೂರನೆಯದು, ಅಚ್ಚನ್ನು ಮುಟ್ಟದೆ, ಮೇಲೊಂದು ಗೇರನ್ನು ಸೇರಿಸುವುದು. ಅಮೆರಿಕದಲ್ಲಿ ಹಳೆಯ ವಿಲೀಸ್ ಜೀಪುಗಳಿಗೆ ವಾರ್ನ್ ಎಂಬ ಕಂಪೆನಿ ಓವರ್‌ಡ್ರೈವ್ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾಡಿ ಮಾರುತ್ತಿತ್ತು. ನಮ್ಮಲ್ಲಿ ಸುಲಭವಾದ ದಾರಿಯೆಂದರೆ, ಅದೇ ವಂಶದ ಈಚಿನ ಗಾಡಿಯ ಐದು ಗೇರಿನ ಪೆಟ್ಟಿಗೆಯನ್ನು ತಂದು ಕೂಡಿಸುವುದು. ಅದರ ಮೊದಲಿನ ಗೇರುಗಳು ಹಳೆಯ ಪೆಟ್ಟಿಗೆಯ ಗೇರುಗಳಷ್ಟೇ ಬಲವುಳ್ಳವೆ ಎಂದು ಹಲ್ಲೆಣಿಸಿ ನೋಡಿಕೊಳ್ಳಬೇಕು. ಐದನೆಯದರಲ್ಲಿ ಮಾತ್ರ ಎಂಜಿನ್ ಸುಮಾರು 0.8 ಸುತ್ತು ಸುತ್ತಿದರೆ ಹಿಂದಿನ ದಂಡ ಒಂದು ಸುತ್ತು ಸುತ್ತುತ್ತದೆ. ಆಗ 80 ಕಿಲೋಮೀಟರಿನ ವೇಗದಲ್ಲಿ ಎಂಜಿನ್ನಿನ ಸುತ್ತು 3,250ರಿಂದ 2,600ಕ್ಕೆ ಇಳಿಯುತ್ತದೆ. 60ರಲ್ಲಿ ಎರಡು ಸಾವಿರದೊಳಗೇ ನಿಲ್ಲುತ್ತದೆ. ಕೆಳಗಿನ ಗೇರುಗಳ ಎಳೆತ ಒಂದು ಕೂದಲೆಳೆಯಷ್ಟೂ ಕುಂದುವುದಿಲ್ಲ. ನಾವು ಆರಿಸಿಕೊಂಡದ್ದು ಇದನ್ನೇ. ಪೆಟ್ಟಿಗೆ ಕೂರುವ ಅಡ್ಡಪಟ್ಟಿಯನ್ನು ಸರಿಸಬೇಕಾಯಿತು. ಹಿಂದಿನ ದಂಡವನ್ನು ಹೊಸ ಅಳತೆಗೆ ಕತ್ತರಿಸಿ, ಸಮತೂಕ ನೋಡಿಸಬೇಕಾಯಿತು. ಕ್ಲಚ್ಚಿನ ತಟ್ಟೆಯನ್ನು ಹೊಂದಿಸಬೇಕಾಯಿತು. ಬಳ್ಳಾರಿಯ ಒಬ್ಬ ಹಿರಿಯ ಮಿಸ್ತ್ರಿ ತಾಳ್ಮೆಯಿಂದ ಈ ಕೆಲಸ ಮಾಡಿಕೊಟ್ಟರು.

ಆದರೆ ಅವರು ಮೊದಲು ಮುಟ್ಟಿದ್ದು ಗೇರುಪೆಟ್ಟಿಗೆಯನ್ನಲ್ಲ, ಬ್ರೇಕನ್ನು. "ಓಡಿಸೋದು ಆಮೇಲೆ, ನಿಲ್ಲಿಸೋದು ಮೊದಲು" ಎಂಬುದು ಅವರ ಮಾತು. ಈ ಮಾತಿನಲ್ಲಿ ಭೌತಶಾಸ್ತ್ರವಿದೆ. ವೇಗ ಇಮ್ಮಡಿಯಾದರೆ ಗಾಡಿಯಲ್ಲಿ ತುಂಬಿದ ಚಲನಶಕ್ತಿ ನಾಲ್ವಡಿಯಾಗುತ್ತದೆ. 60ರಿಂದ 80ಕ್ಕೆ ಏರಿದರೂ ಸಾಕು, ಬ್ರೇಕು ನುಂಗಬೇಕಾದ ಶಕ್ತಿ ಒಂದೂ ಮುಕ್ಕಾಲು ಪಟ್ಟಿಗೂ ತುಸು ಹೆಚ್ಚಾಗುತ್ತದೆ. ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ರಥೋತ್ಸವವನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿ. ಗಾಲಿಯ ಬಳಿ ಮರದ ಕೊರಡು ಹಿಡಿದು, ಬೇಕಾದಾಗ ಅಡ್ಡ ಕೊಡುವವರು ಕೆಲವರೇ. ಎಳೆಯುವುದಕ್ಕೆ ಉತ್ಸಾಹ ಸಾಕು. ಆ ಕೊರಡು ಹಿಡಿಯುವುದಕ್ಕೆ ಪಳಗಿದ ಕೈಯೇ ಬೇಕು. ನಮ್ಮ ಗಾಡಿಯ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂತು. ಮುಂದಿನ ಮತ್ತು ಹಿಂದಿನ ಬ್ರೇಕಿನ ಎಣ್ಣೆಯ ದಾರಿಗಳನ್ನು ಬೇರೆ ಬೇರೆ ಮಾಡುವ ಜೋಡಿ ಸಿಲಿಂಡರು ಬಂತು. ಒಂದು ದಾರಿ ಒಡೆದರೆ ಇನ್ನೊಂದು ಉಳಿಯುತ್ತದೆ. ಕಾಲಿನ ಒತ್ತಡಕ್ಕೆ ನೆರವಾಗುವ ಬೂಸ್ಟರಿಗೆ ನಿರ್ವಾತ ಬೇಕು. ಹಳೆಯ ಡೀಸೆಲ್ ಎಂಜಿನ್ ಅದನ್ನು ತಾನಾಗಿ ಕೊಡದಾದ್ದರಿಂದ ಆಲ್ಟರ್ನೇಟರಿನ ಬೆನ್ನಿಗೆ ಒಂದು ಸಣ್ಣ ಪಂಪು ಕೂಡಿತು. ಸವೆದ ಕಿಂಗ್‌ಪಿನ್ನುಗಳನ್ನು ಬದಲಾಯಿಸಿದೆವು. ಅವು ಸಡಿಲವಾಗಿದ್ದರೆ ವೇಗದಲ್ಲಿ ಮುಂದಿನ ಚಕ್ರಗಳು ನಡುಗುತ್ತವೆ. ರೇಡಿಯೇಟರನ್ನು ಬಿಚ್ಚಿ ತೊಳೆಸಿದೆವು.

ಟ್ರೇಲರಿನ ಮಾತನ್ನೂ ಹೇಳಬೇಕು. ಕೊಂಡಿಯನ್ನು ಬಂಪರಿಗೆ ಬೆಸೆಯುವುದು ಸಾಮಾನ್ಯ ರೂಢಿ. ಅದನ್ನು ಚಾಸಿಯ ಎರಡು ತೊಲೆಗಳಿಗೆ ಬೋಲ್ಟು ಹಾಕಿ ಬಿಗಿಯಬೇಕು. ಟ್ರೇಲರಿನ ಭಾರವನ್ನು ಹಿಂದಕ್ಕೆ ಹೇರಿದರೆ ಅದು ಗಾಡಿಯ ಬಾಲವನ್ನು ಎತ್ತಿ, ವೇಗದಲ್ಲಿ ಹಾವಿನಂತೆ ಹೊಯ್ದಾಡುತ್ತದೆ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಾದರೂ ಕೊಂಡಿಯ ಮೇಲೆ ಕೂರುವಂತೆ ಮುಂದಕ್ಕೆ ಹೇರಬೇಕು. ಟ್ರೇಲರು ಹಿಂದೆ ಇರುವಾಗ ಐದನೆಯ ಗೇರಿಗೆ ಹೋಗಬಾರದು; ನಲವತ್ತು, ನಲವತ್ತೈದರ ಆಚೆಗೆ ಆಸೆಪಡಬಾರದು. ಸಂಡೂರಿನ ಗುಡ್ಡಗಳಂಥ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಇಳಿದು, ಎಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಬಿಡಬೇಕು.

ಕಾನೂನಿನ ಮಾತನ್ನು ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೊದಲು ಸೂಚಿಸಿದ ವಿವರಗಳಿಂದ ವಾಹನವನ್ನು ಮನಬಂದಂತೆ ಬದಲಾಯಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದುದರಿಂದ ಕೆಲಸಕ್ಕೆ ಕೈಹಾಕುವ ಮುನ್ನವೇ ನೋಂದಣಿ ಅಧಿಕಾರಿಯ ಮುಂದೆ ಲಿಖಿತ ಅರ್ಜಿಯಿಟ್ಟು ಅನುಮತಿ ಪಡೆಯುವುದು ಅಗತ್ಯ. ಟ್ರೇಲರಿಗೂ ಬೇರೆ ನೋಂದಣಿ ಇರಬೇಕು. ಅಪಘಾತವಾದಾಗ ವಿಮೆಯವರು ಮೊದಲು ತೆರೆದು ನೋಡುವುದು ಈ ಕಾಗದಗಳನ್ನೇ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರ 2018ರ ಏಪ್ರಿಲಿನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಸರಕು ಸಾಗಿಸುವ ವಾಹನಗಳಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿಯೂ ಗಂಟೆಗೆ 80 ಕಿಲೋಮೀಟರಿನ ಮಿತಿಯನ್ನೇ ಹಾಕಿದೆ. ಮಿಕ್ಕ ರಸ್ತೆಗಳಲ್ಲಿ 60. ಅಂದಮೇಲೆ ಹೆದ್ದಾರಿಗೆ ಒಗ್ಗಿಸುವುದೆಂದರೆ ಕಾರುಗಳೊಡನೆ ಪಂದ್ಯ ಕಟ್ಟುವುದಲ್ಲ. ನಮ್ಮ ಹುಡುಗ ಇದನ್ನು ಮೊದಲು ಒಪ್ಪಲಿಲ್ಲ. ಐದನೆಯ ಗೇರು ಬಂದರೆ ನೂರು ಮುಟ್ಟಬಹುದೆಂದು ಅವನ ಎಣಿಕೆಯಾಗಿತ್ತು. ಗೇರು ಬಲವನ್ನು ಹುಟ್ಟಿಸುವುದಿಲ್ಲ. ಎಂಜಿನ್ನಿನಲ್ಲಿ ಇರುವುದನ್ನು ಹಂಚುತ್ತದೆ, ಅಷ್ಟೆ. ಜೀಪಿನ ಚಪ್ಪಟೆ ಮುಖಕ್ಕೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಸಣ್ಣ ಏರು ಬಂದರೂ ಐದರಿಂದ ನಾಲ್ಕಕ್ಕೆ ಇಳಿಯಲೇಬೇಕು. ಐದನೆಯ ಗೇರು ವೇಗದ ಗೇರಲ್ಲ, ವಿಶ್ರಾಂತಿಯ ಗೇರು ಎಂದು ಅವನಿಗೆ ರಸ್ತೆಯೇ ಕಲಿಸಿತು.

ಈಗ ಎರಡು ಸುಗ್ಗಿಗಳು ಕಳೆದಿವೆ. ಬ್ಯಾಡಗಿಯ ದಾರಿಯಲ್ಲಿ ಗಾಡಿ ಎಪ್ಪತ್ತರ ಆಸುಪಾಸಿನಲ್ಲಿ ನಿರಾಯಾಸವಾಗಿ ಸಾಗುತ್ತದೆ. ಒಳಗೆ ಕುಳಿತವರು ದನಿಯೆತ್ತದೆ ಮಾತನಾಡಬಹುದು. ಸಿರುಗುಪ್ಪದ ಕೆಸರಿನಲ್ಲಿ ಅದು ಮೊದಲಿನಂತೆಯೇ ಟ್ರೇಲರನ್ನು ಎಳೆದು ದಡ ಹತ್ತಿಸುತ್ತದೆ. ಆದರೂ ಹಳೆಯ ಗಾಡಿ ಹಳೆಯದೇ. ಹೊಸ ಗಾಡಿಗಳಲ್ಲಿರುವ ಗಾಳಿಚೀಲ ಅದರಲ್ಲಿಲ್ಲ, ಅದರ ತಗಡಿಗೆ ಪೆಟ್ಟು ತಿಂದು ಒಳಗಿನವರನ್ನು ಕಾಯುವ ವಿದ್ಯೆ ತಿಳಿಯದು. ಹೀಗಾಗಿ ರಾತ್ರಿ ಪ್ರಯಾಣವನ್ನು ಮನೆಯಲ್ಲಿ ನಿಲ್ಲಿಸಿದ್ದೇವೆ. ಮುಂಜಾವಿನಲ್ಲಿ ಹೊರಡಬೇಕು, ಒಂದು ದಿನ ಅಲ್ಲಿಯೇ ತಂಗಬೇಕು, ಮರುದಿನ ಹಗಲಿನಲ್ಲಿ ಮರಳಬೇಕು ಎಂಬುದು ಈಗಿನ ಕಟ್ಟಳೆ. ಒಂದು ದಿನದ ಕೂಲಿ ಹೋಗುತ್ತದೆಂದು ಲೆಕ್ಕ ಹಾಕುವವರೂ ಇದ್ದಾರೆ. ನನಗೆ ಆ ಲೆಕ್ಕ ದುಬಾರಿಯೆಂದು ಕಾಣುವುದಿಲ್ಲ.

ಹಳತನ್ನು ಹೊಸ ಕಾಲಕ್ಕೆ ಹೊಂದಿಸುವಾಗ ಅದರ ಬುಡದ ಬಲವನ್ನು ಕಡಿದು ವೇಗ ಕೊಳ್ಳುವ ದಾರಿಯೊಂದಿದೆ. ಬುಡವನ್ನು ಹಾಗೆಯೇ ಉಳಿಸಿ, ಮೇಲೊಂದು ಮೆಟ್ಟಿಲು ಕಟ್ಟುವ ದಾರಿಯೊಂದಿದೆ. ಎರಡನೆಯದಕ್ಕೆ ಖರ್ಚು ಹೆಚ್ಚು, ತಾಳ್ಮೆಯೂ ಹೆಚ್ಚು ಬೇಕು. ಮನೆಯ ಮುಂದೆ ಹಳೆಯ ಪಿಕಪ್ ನಿಲ್ಲಿಸಿಕೊಂಡು ಯೋಚಿಸುತ್ತಿರುವವರು ಬ್ರೇಕಿನಿಂದ ಆರಂಭಿಸಿ, ಅಚ್ಚನ್ನು ಮುಟ್ಟದೆ, ಗೇರುಪೆಟ್ಟಿಗೆಯ ಕಡೆ ನೋಡಲಿ ಎಂದು ಸೂಚಿಸಿ ನನ್ನ ಮಾತನ್ನು ಮುಗಿಸುತ್ತೇನೆ.