ಬಿಟ್ಟು ಬಂದವರ ಬಾಯಿಗೆ ಕೋರ್ಟಿನ ಬೀಗ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಂಡನ ಮನೆಯ ಹಿಂಸೆ ತಾಳಲಾರದೆ ತವರಿಗೆ ಬಂದ ಹೆಣ್ಣುಮಗಳು ನಾಲ್ಕು ಜನರ ಮುಂದೆ ಬಾಯಿ ಬಿಟ್ಟಳೆಂದರೆ ಆಮೇಲೆ ಏನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಕೆಲವೇ ದಿನಗಳಲ್ಲಿ ವಕೀಲರ ನೋಟೀಸು ಬರುತ್ತದೆ. ಮನೆತನದ ಮಾನ ಹೋಯಿತು, ಇಷ್ಟು ಲಕ್ಷ ಪರಿಹಾರ ಕೊಡು, ಇಲ್ಲವೇ ಕ್ಷಮೆ ಕೇಳು ಎಂದು ಅದರಲ್ಲಿ ಬರೆದಿರುತ್ತದೆ. ಹೊಡೆದವರ ಮಾನಕ್ಕೆ ಬೆಲೆ ಕಟ್ಟಲಾಗುತ್ತದೆ, ಹೊಡೆಸಿಕೊಂಡವಳ ಮೈಮೇಲಿನ ಗಾಯಕ್ಕೆ ಬೆಲೆಯಿಲ್ಲ.

ಇದೇ ಅಸ್ತ್ರವನ್ನು ದೇವರ ಹೆಸರಿನಲ್ಲಿ ನಡೆಯುವ, ಕೋಟಿಗಟ್ಟಲೆ ಹಣವಿರುವ ಸಂಸ್ಥೆಯೊಂದು ಕೈಗೆತ್ತಿಕೊಂಡರೆ ಏನಾಗುತ್ತದೆ? ಇವತ್ತು ಅದನ್ನು ಹೇಳಬೇಕೆಂದಿದ್ದೇನೆ. ಇದಕ್ಕಾಗಿ ನಾನು ಆರಿಸಿಕೊಂಡಿರುವುದು ಅಮೆರಿಕದ ಸೈಂಟಾಲಜಿ ಎಂಬ ಪಂಥವನ್ನು. ಅಷ್ಟು ದೂರದ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಅಲ್ಲಿ ಐವತ್ತು ವರ್ಷಗಳ ಕೋರ್ಟಿನ ದಾಖಲೆಗಳಿವೆ. ಗಾಳಿಮಾತನ್ನು ನಂಬಬೇಕಾಗಿಲ್ಲ. ದುಡ್ಡಿದ್ದವರು ಕಾನೂನನ್ನು ಹೇಗೆ ಬಳಸುತ್ತಾರೆ, ಅದು ಎಲ್ಲಿ ಸೋಲುತ್ತದೆ, ಎರಡೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಈ ಪಂಥವನ್ನು ಎಲ್. ರಾನ್ ಹಬರ್ಡ್ ಎಂಬ ಕಥೆಗಾರ 1950ರ ದಶಕದಲ್ಲಿ ಆರಂಭಿಸಿದರು. ಸೇರಿದವರು ಒಬ್ಬರ ಮುಂದೆ ಕುಳಿತು ತಮ್ಮ ಬದುಕಿನ ಗುಟ್ಟುಗಳನ್ನೆಲ್ಲ ಹೇಳಿಕೊಳ್ಳಬೇಕು. ಹೇಳಿದ್ದನ್ನು ಬರೆದು ಕಡತದಲ್ಲಿ ಇಡುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಲು ಹಣ ಕಟ್ಟುತ್ತಾ ಹೋಗಬೇಕು. ಪಂಥದ ವಿರೋಧಿ ಎಂದು ಗುರುತಿಸಲ್ಪಟ್ಟವರ ಜೊತೆ ಒಳಗಿರುವ ಬಂಧುಗಳು ಮಾತು ಬಿಡುತ್ತಾರೆ. ಹೀಗೆ ತಾಯಿ ಮಗಳಿಂದ, ಅಣ್ಣ ತಂಗಿಯಿಂದ ದೂರವಾದ ಕುಟುಂಬಗಳಿವೆ. ಯಾರನ್ನೂ ಬಲವಂತ ಮಾಡುವುದಿಲ್ಲ ಎಂಬುದು ಪಂಥದವರ ವಾದ.

ತಮ್ಮ ಬೋಧನೆಯನ್ನು ಅಪ್ಪಣೆಯಿಲ್ಲದೆ ಬಳಸುವವರ ವಿಷಯ ಬರೆಯುತ್ತಾ ಹಬರ್ಡ್ 1955ರಲ್ಲಿಯೇ ಒಂದು ಮಾತು ಹೇಳಿದ್ದರು: ಮೊಕದ್ದಮೆ ಹೂಡುವ ಉದ್ದೇಶ ಗೆಲ್ಲುವುದಕ್ಕಿಂತ ಹೆಚ್ಚಾಗಿ ಎದುರಿನವರನ್ನು ಕಾಡಿ ಎದೆಗುಂದಿಸುವುದು ಎಂಬುದು ಅದರ ಸಾರ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ವಿಸ್ತಾರವೇ.

ಮೊದಲು ಅದರ ರುಚಿ ಕಂಡವರಲ್ಲಿ ಒಬ್ಬರು ಪಾಲೆಟ್ ಕೂಪರ್ ಎಂಬ ಪತ್ರಕರ್ತೆ. ಅವರು ಪಂಥದ ಸದಸ್ಯೆಯಾಗಿರಲಿಲ್ಲ. 1971ರಲ್ಲಿ ಅದನ್ನು ಟೀಕಿಸಿ ಪುಸ್ತಕ ಬರೆದರು, ಅಷ್ಟೇ. ಅವರ ಮೇಲೆ 19 ಮೊಕದ್ದಮೆಗಳು ಬಿದ್ದವು. ಅದೂ ಸಾಲದೆಂದು, ಅವರೇ ಬಾಂಬ್ ಬೆದರಿಕೆಯ ಪತ್ರ ಬರೆದಂತೆ ಸಂಚು ಹೂಡಲಾಯಿತು. 1973ರಲ್ಲಿ ಅವರ ಮೇಲೆ ಕ್ರಿಮಿನಲ್ ಆರೋಪ ಪಟ್ಟಿಯೂ ಬಂತು. 1977ರಲ್ಲಿ ಅಮೆರಿಕದ ಕೇಂದ್ರ ಪೊಲೀಸರು ಪಂಥದ ಕಚೇರಿಗಳ ಮೇಲೆ ದಾಳಿ ನಡೆಸಿದಾಗ ಅವರನ್ನು ಜೈಲಿಗೋ ಹುಚ್ಚಾಸ್ಪತ್ರೆಗೋ ಕಳುಹಿಸುವ ಯೋಜನೆಯ ಕಾಗದಗಳೇ ಕೈಗೆ ಸಿಕ್ಕವು. ಸರ್ಕಾರಿ ಕಚೇರಿಗಳಿಂದ ಕಡತ ಕದ್ದ ಪ್ರಕರಣದಲ್ಲಿ ಹಬರ್ಡ್ ಅವರ ಹೆಂಡತಿ ಸೇರಿದಂತೆ ಪಂಥದ 11 ಮಂದಿ ಹಿರಿಯರಿಗೆ ಶಿಕ್ಷೆಯಾಯಿತು.

ಹೊರಗಿನವರ ಪಾಡೇ ಇದಾದರೆ ಒಳಗಿದ್ದು ಹೊರಬಂದವರ ಪಾಡು ಇನ್ನೂ ಕಷ್ಟ. ಅವರ ಗುಟ್ಟುಗಳ ಕಡತ ಪಂಥದ ಬಳಿಯೇ ಇದೆ. ಅವರ ಬಂಧುಗಳು ಒಳಗೇ ಇದ್ದಾರೆ. ಅವರು ಸಹಿ ಹಾಕಿಕೊಟ್ಟ ಕಾಗದಗಳೂ ಅಲ್ಲೇ ಇವೆ.

ಲಾರೆನ್ಸ್ ವಾಲರ್ಶೈಮ್ ಎಂಬ ಮಾಜಿ ಸದಸ್ಯರು ತಮಗಾದ ಮಾನಸಿಕ ಹಿಂಸೆಗೆ ಪರಿಹಾರ ಕೇಳಿ 1980ರಲ್ಲಿ ದಾವೆ ಹೂಡಿದರು. 1986ರಲ್ಲಿ ಜ್ಯೂರಿ ಮೂರು ಕೋಟಿ ಡಾಲರ್ ಕೊಡಬೇಕೆಂದಿತು. ಮೇಲ್ಮನವಿಯಲ್ಲಿ ಅದು 25 ಲಕ್ಷಕ್ಕೆ ಇಳಿಯಿತು. ಅದನ್ನೂ ಕೊಡದೆ ಪಂಥ ಕೋರ್ಟಿನಿಂದ ಕೋರ್ಟಿಗೆ ಅಲೆಸಿತು. ಆ ತೀರ್ಪನ್ನೇ ಅಳಿಸಿಹಾಕಬೇಕೆಂದು ಅವರ ಮೇಲೆ ಹೊಸ ದಾವೆಯನ್ನೂ ಹೂಡಿತು. ಕೊನೆಗೆ ಬಡ್ಡಿ ಸೇರಿ 86 ಲಕ್ಷ ಡಾಲರಿಗೂ ಮಿಕ್ಕಿ ಹಣ ಕೈಗೆ ಬಂದದ್ದು 2002ರಲ್ಲಿ. ಇಪ್ಪತ್ತೆರಡು ವರ್ಷ! ಗೆದ್ದವರಿಗೇ ಇಷ್ಟು ಕಾಲ ಹಿಡಿದರೆ, ನಡುದಾರಿಯಲ್ಲಿ ಸೋತು ಕೈಚೆಲ್ಲಿದವರು ಎಷ್ಟಿರಬೇಡ?

ಆದರೆ ಆ ಹೊಸ ದಾವೆಯಿಂದಲೇ ಒಂದು ಒಳ್ಳೆಯದೂ ಆಯಿತು. ಕ್ಯಾಲಿಫೋರ್ನಿಯಾ ರಾಜ್ಯ 1992ರಲ್ಲಿ ಒಂದು ಕಾನೂನು ಮಾಡಿತ್ತು. ಸಾರ್ವಜನಿಕ ವಿಷಯದಲ್ಲಿ ಮಾತಾಡಿದವರ ಬಾಯಿ ಮುಚ್ಚಿಸಲು ಹೂಡಿದ ಹುರುಳಿಲ್ಲದ ದಾವೆಯನ್ನು ಕೋರ್ಟು ಆರಂಭದಲ್ಲಿಯೇ ತೆಗೆದುಹಾಕಬಹುದು, ಎದುರಿನವರ ವಕೀಲರ ಖರ್ಚನ್ನೂ ಹೂಡಿದವರಿಂದಲೇ ಕೊಡಿಸಬಹುದು ಎಂದು ಅದು ಹೇಳುತ್ತದೆ. ವಾಲರ್ಶೈಮ್ ಅವರ ಮೇಲಿನ ಹೊಸ ದಾವೆ ಈ ಕಾನೂನಿನಡಿಯೇ ಬಿದ್ದುಹೋಯಿತು. 1996ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಇನ್ನು ಡೆಬಿ ಕುಕ್ ಅವರ ವಿಷಯ. ಫ್ಲಾರಿಡಾದ ಕ್ಲಿಯರ್‌ವಾಟರ್ ಊರಿನಲ್ಲಿ ಪಂಥದ ದೊಡ್ಡ ಕೇಂದ್ರವಿದೆ. ಅದನ್ನು ವರ್ಷಗಟ್ಟಲೆ ನಡೆಸಿದ ಹೆಣ್ಣುಮಗಳು ಈಕೆ. 2007ರಲ್ಲಿ ಹೊರಬರುವಾಗ ಅವರಿಗೂ ಅವರ ಗಂಡನಿಗೂ ತಲಾ 50,000 ಡಾಲರ್ ಕೊಟ್ಟು, ಪಂಥದ ವಿರುದ್ಧ ಎಂದೂ ಮಾತಾಡುವುದಿಲ್ಲವೆಂದು ಕರಾರು ಬರೆಸಿಕೊಂಡರು. 2012ರ ಹೊಸ ವರ್ಷದ ಹೊತ್ತಿಗೆ ಅವರು ಸಾವಿರಾರು ಸದಸ್ಯರಿಗೆ ಪತ್ರ ಕಳುಹಿಸಿದರು. ಸದಸ್ಯರಿಂದ ಹಣ ಕೀಳುವ ರೀತಿ ಸರಿಯಲ್ಲ ಎಂದು ಅದರಲ್ಲಿ ಬರೆದಿದ್ದರು. ಕೂಡಲೇ ಕರಾರು ಮುರಿದಿರಿ ಎಂದು ಟೆಕ್ಸಸ್ ರಾಜ್ಯದ ಸ್ಯಾನ್ ಅಂಟೋನಿಯೊ ಕೋರ್ಟಿನಲ್ಲಿ ಅವರ ಮೇಲೆ ದಾವೆ ಬಿತ್ತು.

ಆಗ ಆದದ್ದನ್ನು ಗಮನಿಸಿ. ದಾವೆ ಹೂಡಿದ್ದು ಬಾಯಿ ಮುಚ್ಚಿಸಲು. ಆದರೆ ಸಾಕ್ಷಿ ಕಟ್ಟೆಯಲ್ಲಿ ನಿಂತವರು ಪ್ರಮಾಣ ಮಾಡಿ ನಿಜ ಹೇಳಲೇಬೇಕಲ್ಲ! ಡೆಬಿ ಕುಕ್ ತುಂಬಿದ ಕೋರ್ಟಿನಲ್ಲಿ ಎಲ್ಲವನ್ನೂ ಬಿಚ್ಚಿಟ್ಟರು. ಕ್ಯಾಲಿಫೋರ್ನಿಯಾದ ನೆಲೆಯೊಂದರಲ್ಲಿ ಹಿರಿಯ ಪದಾಧಿಕಾರಿಗಳನ್ನು ವಾರಗಟ್ಟಲೆ ಕೂಡಿಹಾಕಿದ್ದನ್ನು, ತಾವೂ ಅಲ್ಲಿದ್ದುದನ್ನು ಹೇಳಿದರು. ಆ ಸ್ಥಿತಿಯಲ್ಲಿ ಹೊರಗೆ ಬಿಟ್ಟರೆ ಸಾಕೆಂದು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಿದ್ದೆ ಎಂದರು. ಪಂಥದವರು ಇದೆಲ್ಲ ಸುಳ್ಳೆಂದರು. ಆದರೆ ಆ ಸಾಕ್ಷ್ಯವಾದ ಮೇಲೆ ತಾವು ಕೇಳಿದ್ದ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಯನ್ನು ತಾವೇ ಹಿಂತೆಗೆದುಕೊಂಡರು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜಿಯಾಯಿತು. ಡೆಬಿ ಕುಕ್ ಹಣವೇನೂ ಕೊಡಬೇಕಾಗಲಿಲ್ಲ, ಆದರೆ ಮತ್ತೆ ಮಾತಾಡಬಾರದು. ಅವರ ಬಾಯಿಗೆ ಬೀಗ ಬಿತ್ತು. ಕೋರ್ಟಿನಲ್ಲಿ ಹೇಳಿದ ಮಾತು ಮಾತ್ರ ದಾಖಲೆಯಲ್ಲಿ ಉಳಿಯಿತು. ಅದನ್ನು ಯಾವ ರಾಜಿಯೂ ಅಳಿಸಲಾರದು.

ಹೆಣ್ಣುಮಕ್ಕಳಿಗೆ ಬಹಳ ಮುಖ್ಯವಾದದ್ದು ಇನ್ನೊಂದು ಪ್ರಕರಣ. ಡ್ಯಾನಿ ಮಾಸ್ಟರ್ಸನ್ ಎಂಬ ಟೆಲಿವಿಷನ್ ನಟ ಈ ಪಂಥದ ಸದಸ್ಯ. ಅವನು ತಮ್ಮ ಮೇಲೆ ಅತ್ಯಾಚಾರ ಮಾಡಿದನೆಂದು ಪಂಥದಲ್ಲಿದ್ದು ಹೊರಬಂದ ಮಹಿಳೆಯರು ಪೊಲೀಸರಿಗೆ ದೂರು ಕೊಟ್ಟರು. ದೂರು ಕೊಟ್ಟ ಮೇಲೆ ಪಂಥದವರು ತಮ್ಮನ್ನು ಹಿಂಬಾಲಿಸಿ ಕಿರುಕುಳ ಕೊಡುತ್ತಿದ್ದಾರೆಂದು 2019ರಲ್ಲಿ ದಾವೆ ಹೂಡಿದರು. ಪಂಥ ಆರೋಪವನ್ನು ಅಲ್ಲಗಳೆದು ಒಂದು ಹಳೆಯ ಕಾಗದ ತೆಗೆಯಿತು. ಯಾವ ತಕರಾರಿದ್ದರೂ ಪಂಥದ ಪಂಚರ ಮುಂದೆಯೇ ಬಗೆಹರಿಸಿಕೊಳ್ಳುತ್ತೇವೆ ಎಂದು ಸದಸ್ಯರಾಗಿದ್ದಾಗ ಸಹಿ ಮಾಡಿದ ಕರಾರು ಅದು. ಆ ಪಂಚರೂ ಪಂಥದವರೇ ಆಗಿರಬೇಕು! ಹೊಡೆದ ಗಂಡನ ಮೇಲೆ ಅತ್ತೆ ಮಾವಂದಿರ ಪಂಚಾಯಿತಿಯಲ್ಲೇ ದೂರು ಹೇಳು ಎಂದ ಹಾಗಾಯಿತು.

ಕೆಳಗಿನ ನ್ಯಾಯಾಲಯ 2020ರ ಕೊನೆಯಲ್ಲಿ ಇದನ್ನು ಒಪ್ಪಿಯೂ ಬಿಟ್ಟಿತು. ಆ ಮಹಿಳೆಯರು ಬಿಡಲಿಲ್ಲ. 2022ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಒಂದು ಮತವನ್ನು ಬಿಡುವ ಹಕ್ಕನ್ನು ಸಂವಿಧಾನ ಕೊಟ್ಟಿದೆ. ಬಿಟ್ಟ ಮೇಲೆ ನಡೆದ ಕಿರುಕುಳಕ್ಕೂ ಅದೇ ಮತದ ಪಂಚರ ಮುಂದೆ ನಿಲ್ಲಿ ಎಂದು ಕಟ್ಟಿಹಾಕುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಅಲ್ಲಿನ ಸುಪ್ರೀಂ ಕೋರ್ಟು ಅದೇ ವರ್ಷ ಪಂಥದ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಕ್ರಿಮಿನಲ್ ಪ್ರಕರಣದಲ್ಲಿ ಇಬ್ಬರು ಮಹಿಳೆಯರ ಮೇಲಿನ ಅತ್ಯಾಚಾರ ಸಾಬೀತಾಗಿ 2023ರಲ್ಲಿ ಮಾಸ್ಟರ್ಸನ್‌ಗೆ 30 ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆಯಾಯಿತು. ಒಬ್ಬಳೇ ಆಗಿದ್ದರೆ ಏನಾಗುತ್ತಿತ್ತೋ! ಹಲವರು ಒಟ್ಟಾಗಿ ನಿಂತರು.

ಗೆಳತಿಯರೇ, ನಂಬಿಕೆ ಅವರವರಿಗೆ ಬಿಟ್ಟದ್ದು. ಭಜನೆಗೆ ಹೋಗುವವರು ಹೋಗಲಿ, ಮಠಕ್ಕೆ ನಡೆದುಕೊಳ್ಳುವವರು ನಡೆದುಕೊಳ್ಳಲಿ. ಆದರೆ ಯಾವ ಬಾಗಿಲಿನಿಂದ ಒಳಗೆ ಹೋದೆವೋ ಅದೇ ಬಾಗಿಲಿನಿಂದ ಹೊರಗೆ ಬರುವ ಹಕ್ಕೂ, ಕಂಡದ್ದನ್ನು ಹೇಳುವ ಹಕ್ಕೂ ನಮಗಿರಬೇಕು.

ಇಂಥದ್ದು ನಮ್ಮಲ್ಲಿ ಎದುರಾದರೆ ನಮ್ಮ ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರೋಣ. ಕ್ಯಾಲಿಫೋರ್ನಿಯಾದಂಥ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಮಾನಹಾನಿ ನಮ್ಮಲ್ಲಿ ಅಪರಾಧವೂ ಹೌದು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಇದಕ್ಕೆ ಎರಡು ವರ್ಷದವರೆಗೆ ಸಜೆ ಇದೆ. ಆದರೆ ಅದೇ ಕಲಮು ವಿನಾಯಿತಿಗಳನ್ನೂ ಹೇಳುತ್ತದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ನಿಜ ಮಾನಹಾನಿಯಲ್ಲ. ಅಧಿಕಾರವುಳ್ಳವರ ಮುಂದೆ ಒಳ್ಳೆಯ ನಂಬಿಕೆಯಿಂದ ಕೊಟ್ಟ ದೂರು ಮಾನಹಾನಿಯಲ್ಲ. ತನ್ನ ಮೇಲಿನ ಲೈಂಗಿಕ ಕಿರುಕುಳದ ಬಗ್ಗೆ ಬರೆದ ಪತ್ರಕರ್ತೆ ಪ್ರಿಯಾ ರಮಣಿ ಅವರ ಮೇಲೆ ಆಗ ಕೇಂದ್ರ ಮಂತ್ರಿಯಾಗಿದ್ದ ಎಂ. ಜೆ. ಅಕ್ಬರ್ 2018ರಲ್ಲಿ ಮಾನಹಾನಿ ಮೊಕದ್ದಮೆ ಹೂಡಿದ್ದರು. 2021ರಲ್ಲಿ ದೆಹಲಿ ನ್ಯಾಯಾಲಯ ಆಕೆಯನ್ನು ಬಿಡುಗಡೆ ಮಾಡಿತು. ದಶಕಗಳ ನಂತರವೂ ತನ್ನ ನೋವನ್ನು ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆ ಎಂದಿತು.

ಸಹಿಯ ಮಾತಿಗೆ ಬಂದರೆ, 1872ರ ಕರಾರು ಕಾಯಿದೆ ಈಗಲೂ ಜಾರಿಯಲ್ಲಿದೆ. ಕೋರ್ಟಿಗೇ ಹೋಗಬಾರದೆಂದು ಪೂರ್ತಿಯಾಗಿ ತಡೆಯುವ ಕರಾರು ಊರ್ಜಿತವಲ್ಲ. ಹೆದರಿಸಿ ಪಡೆದ ಸಹಿಯನ್ನು, ಇನ್ನೊಬ್ಬರ ಮನಸ್ಸಿನ ಮೇಲಿನ ಹಿಡಿತವನ್ನು ದುರುಪಯೋಗಿಸಿ ಪಡೆದ ಸಹಿಯನ್ನು ಪ್ರಶ್ನಿಸಬಹುದು. ಪರಲೋಕದ ಆಸೆಗೆ ತನ್ನ ಆಸ್ತಿಯನ್ನೆಲ್ಲ ಗುರುವಿಗೆ ಬರೆದುಕೊಟ್ಟ ಮುದುಕನೊಬ್ಬನ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟು 1890ರಲ್ಲಿಯೇ ಹೀಗೆ ಹೇಳಿದೆ.

ಆದ್ದರಿಂದ ಸಂಘದ ಪ್ರತಿ ಸದಸ್ಯೆಯೂ ಇಷ್ಟನ್ನು ನೆನಪಿಡಲಿ. ಓದದ ಕಾಗದಕ್ಕೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಸಹಿ ಮಾಡಿದರೆ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ನಡೆದದ್ದನ್ನು ದಿನಾಂಕ ಸಮೇತ ಬರೆದಿಡಿ, ಬರೆಯಲು ಬಾರದಿದ್ದರೆ ನಂಬಿಕೆಯವರ ಕೈಲಿ ಬರೆಸಿ. ಕಂಡಷ್ಟನ್ನೇ ಹೇಳಿ, ಕೋಪಕ್ಕೆ ಒಂದು ಮಾತನ್ನೂ ಕೂಡಿಸಬೇಡಿ. ವಕೀಲರ ನೋಟೀಸು ಕೋರ್ಟಿನ ತೀರ್ಪಲ್ಲ, ಅದಕ್ಕೆ ಹೆದರಿ ಊರು ಬಿಡಬೇಕಾಗಿಲ್ಲ. ಆದರೆ ಒಲೆಗೂ ಹಾಕಬೇಡಿ. ಕೋರ್ಟಿನ ಸಮನ್ಸು ಬಂದರಂತೂ ವಾಯಿದೆ ತಪ್ಪಿಸಬೇಡಿ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ದೂರವಾಣಿ ಸಂಖ್ಯೆ 15100.

ಎಲ್ಲಕ್ಕಿಂತ ಮೊದಲು, ನೋಟೀಸು ಹಿಡಿದು ಬಂದ ಹೆಣ್ಣುಮಗಳನ್ನು ಸಂಘ ಒಂಟಿಯಾಗಿ ಬಿಡಬಾರದು. ನಿನಗೇಕೆ ಬೇಕಿತ್ತು ದೊಡ್ಡವರ ಸಹವಾಸ ಎನ್ನಬಾರದು. ಈ ಮೊಕದ್ದಮೆಗಳೆಲ್ಲ ನಿಂತಿರುವುದು ಅವಳು ಒಬ್ಬಳೇ ಎಂಬ ಲೆಕ್ಕಾಚಾರದ ಮೇಲೆ. ಅವಳ ವಾಯಿದೆಯ ದಿನ ಇಬ್ಬರು ಅಕ್ಕಂದಿರು ಜೊತೆಗೆ ಹೋಗಿ ಕೋರ್ಟಿನ ಬೆಂಚಿನ ಮೇಲೆ ಕುಳಿತುಕೊಳ್ಳಿ. ಆ ಲೆಕ್ಕಾಚಾರ ಅಲ್ಲಿಗೇ ತಪ್ಪುತ್ತದೆ.