ಸಿಳ್ಳೆ ಹಾಕಿದವರನ್ನೆಲ್ಲ ಹೊರಗಟ್ಟಬಹುದೆ?



ಒಬ್ಬ ಗಿರಾಕಿ ತಾನು ಕೊಂಡ ಸಾಮಾನು ಚೆನ್ನಾಗಿಲ್ಲವೆಂದರೆ ಅದು ಅವನ ಅಭಿಪ್ರಾಯ. ಒಂದೇ ರಾತ್ರಿಯಲ್ಲಿ ಒಂದು ಲಕ್ಷ ಮಂದಿ ಹಾಗೆಂದರೆ ಅದನ್ನು ಏನೆಂದು ಕರೆಯಬೇಕು? ಅಂತರ್ಜಾಲದ ಅಂಗಡಿಗಳಲ್ಲಿ, ಸಿನಿಮಾ ತಾಣಗಳಲ್ಲಿ, ಮೊಬೈಲ್ ಆ್ಯಪ್‌ಗಳ ಪಟ್ಟಿಯಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಒಂದರಿಂದ ಐದರವರೆಗೆ ನಕ್ಷತ್ರಗಳಿರುತ್ತವೆ. ಜನ ಗುಂಪುಗೂಡಿ ಅಲ್ಲಿ ಒಂದು ನಕ್ಷತ್ರವನ್ನಷ್ಟೇ ಒತ್ತಿ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ‘ರಿವ್ಯೂ ಬಾಂಬಿಂಗ್’ ಎಂಬ ಹೆಸರೇ ಹುಟ್ಟಿಕೊಂಡಿದೆ. ಇಂಥ ವಿಮರ್ಶೆಗಳನ್ನು ತಾಣದ ಒಡೆಯರು ಅಳಿಸಿಹಾಕಬೇಕೆ, ಬೇಡವೆ ಎಂಬುದು ಇಂದಿನ ವಿಷಯ.

ಪ್ರಶ್ನೆ ಹೊಸದಾಗಿ ಕಂಡರೂ ಗುಂಪಿನ ನಿಂದನೆ ಹೊಸದಲ್ಲ. ನಕ್ಷತ್ರಗಳಿಲ್ಲದ ಕಾಲದಲ್ಲಿ ಆ ಕೆಲಸವನ್ನು ಸಿಳ್ಳೆ ಮಾಡುತ್ತಿತ್ತು. ಯೂರೋಪಿನ ರಂಗಭೂಮಿಯ ಇತಿಹಾಸದಲ್ಲಿ ಇದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ.

ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರ 1808ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ವರ್ಷದೊಳಗೆ ಹೊಸ ಕಟ್ಟಡ ಎದ್ದು ನಿಂತಿತು. ಖರ್ಚು ಸರಿದೂಗಿಸಲು ವ್ಯವಸ್ಥಾಪಕನಾಗಿದ್ದ ನಟ ಜಾನ್ ಫಿಲಿಪ್ ಕೆಂಬಲ್ ಟಿಕೆಟ್ ದರ ಏರಿಸಿದ. ವೇದಿಕೆಯ ಮುಂದಿನ ‘ಪಿಟ್’ ಎಂಬ ಜಾಗದ ದರ ಮೂರೂವರೆ ಶಿಲಿಂಗ್‌ನಿಂದ ನಾಲ್ಕಕ್ಕೆ ಹೋಯಿತು. ಸಾಲದ್ದಕ್ಕೆ ಸಿರಿವಂತರಿಗಾಗಿ ಖಾಸಗಿ ಬಾಕ್ಸುಗಳನ್ನು ಹೆಚ್ಚಿಸಲಾಗಿತ್ತು. 1809ರ ಸೆಪ್ಟೆಂಬರ್ 18ರಂದು ‘ಮ್ಯಾಕ್‌ಬೆತ್’ ನಾಟಕದೊಂದಿಗೆ ಬಾಗಿಲು ತೆರೆದಾಗ ನಟರ ಒಂದು ಮಾತೂ ಕೇಳಿಸದಂತೆ ಪ್ರೇಕ್ಷಕರು ಕೂಗಿದರು. ಮುಂದಿನ ರಾತ್ರಿಗಳಲ್ಲಿ ಗಿಲಕಿ, ಗಂಟೆ, ಕಹಳೆ ತಂದರು. ರಂಗಕ್ಕೆ ಬೆನ್ನು ತಿರುಗಿಸಿ ನಿಂತರು. ಹಳೆಯ ದರವೇ ಬೇಕೆಂಬುದು ಅವರ ಬೇಡಿಕೆ. ಕೆಂಬಲ್ ಮುಷ್ಟಿಕಾಳಗದವರನ್ನು ಕರೆಸಿ ಅವರನ್ನು ಹೊರದಬ್ಬಿಸಲು ನೋಡಿದ, ಸಿಟ್ಟು ಇಮ್ಮಡಿಯಾಯಿತು. ಸುಮಾರು ಮೂರು ತಿಂಗಳು ಕಳೆದು, ಡಿಸೆಂಬರಿನಲ್ಲಿ, ಅವನು ಕ್ಷಮೆ ಕೇಳಿ ಪಿಟ್‌ನ ದರವನ್ನು ಮೊದಲಿನ ಮಟ್ಟಕ್ಕೆ ಇಳಿಸಬೇಕಾಯಿತು.

ಇನ್ನೊಂದು ಘಟನೆ ಪ್ಯಾರಿಸ್ಸಿನದು. 1861ರ ಮಾರ್ಚಿನಲ್ಲಿ ಅಲ್ಲಿನ ಒಪೆರಾದಲ್ಲಿ ರಿಚರ್ಡ್ ವಾಗ್ನರನ ‘ಟಾನ್‌ಹಾಯ್ಸರ್’ ಪ್ರದರ್ಶನವಾಯಿತು. ಅದಕ್ಕಾಗಿ ನೂರಕ್ಕೂ ಹೆಚ್ಚು ತಾಲೀಮು ನಡೆದಿತ್ತು. ಜಾಕಿ ಕ್ಲಬ್ ಎಂಬ ಶ್ರೀಮಂತರ ಕೂಟದವರು ರಾತ್ರಿಯೂಟ ಮುಗಿಸಿ ನಿಧಾನವಾಗಿ ಒಪೆರಾಕ್ಕೆ ಬರುವುದು ವಾಡಿಕೆ. ಅವರಿಗೆ ಬೇಕಾದ ಬ್ಯಾಲೆ ನೃತ್ಯ ಎರಡನೆಯ ಅಂಕದಲ್ಲಿರಬೇಕು. ವಾಗ್ನರ್ ಅದನ್ನು ಮೊದಲನೆಯ ಅಂಕದಲ್ಲೇ ಇಟ್ಟಿದ್ದ. ಜೊತೆಗೆ, ಈ ಪ್ರದರ್ಶನಕ್ಕೆ ಬೆಂಬಲವಾಗಿದ್ದವಳು ಆಸ್ಟ್ರಿಯಾ ರಾಯಭಾರಿಯ ಪತ್ನಿ; ಆಸ್ಟ್ರಿಯಾದ ಮೇಲಿನ ಮುನಿಸೂ ಸೇರಿಕೊಂಡಿತು. ಸಂಗೀತ ಕೇಳಲು ಬಂದವರ ಕಿವಿಗೆ ಏನೂ ಬೀಳದಷ್ಟು ಸಿಳ್ಳೆಗಳು ಮೊಳಗಿದವು. ಮೂರು ಪ್ರದರ್ಶನಗಳಾದ ಮೇಲೆ ವಾಗ್ನರ್ ತನ್ನ ಕೃತಿಯನ್ನು ಹಿಂದಕ್ಕೆ ಪಡೆದ.

ಎರಡು ಕಡೆಯೂ ಗದ್ದಲ ಒಂದೇ ತೆರನಾದುದು. ಆದರೆ ದೂರು ಬೇರೆ. ಲಂಡನ್ನಿನವರ ತಕರಾರು ತಾವು ಹಣ ತೆತ್ತು ಕೊಳ್ಳುತ್ತಿದ್ದ ವಸ್ತುವಿನ ಬೆಲೆಯ ಬಗ್ಗೆ ಇತ್ತು. ಪ್ಯಾರಿಸ್ಸಿನವರ ತಕರಾರು ಊಟದ ಹೊತ್ತು ಮತ್ತು ರಾಜಕೀಯದ ಬಗ್ಗೆ. ಸಿಳ್ಳೆಯ ಜೋರನ್ನು ಅಳೆದು ಈ ವ್ಯತ್ಯಾಸ ಕಂಡುಹಿಡಿಯಲಾಗದು. ಯಾರು ಸಿಳ್ಳೆ ಹಾಕಿದರು, ಯಾವುದಕ್ಕಾಗಿ ಹಾಕಿದರು ಎಂದು ವಿಚಾರಿಸಲೇಬೇಕು.

ಈಗಿನ ಕಾಲದ ಉದಾಹರಣೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2017ರ ಏಪ್ರಿಲ್‌ನಲ್ಲಿ, ಸ್ನ್ಯಾಪ್‌ಚಾಟ್ ಕಂಪನಿಯ ಮುಖ್ಯಸ್ಥರು ಭಾರತವನ್ನು ಬಡದೇಶವೆಂದು ಹೀಗಳೆದರೆಂಬ ಆರೋಪ ಸುದ್ದಿಯಾಯಿತು. ಕಂಪನಿ ಅದನ್ನು ಅಲ್ಲಗಳೆಯಿತು. ಅಷ್ಟರಲ್ಲಿ ಭಾರತೀಯರು ಅದರ ಆ್ಯಪ್‌ಗೆ ಒಂದೊಂದೇ ನಕ್ಷತ್ರ ಕೊಡತೊಡಗಿದ್ದರು. ಹೆಸರಿನ ಹೋಲಿಕೆಯಿಂದ ಮೋಸಹೋದ ಕೆಲವರು ನಮ್ಮ ದೇಶದ್ದೇ ಆದ ಸ್ನ್ಯಾಪ್‌ಡೀಲ್ ಮೇಲೂ ಹರಿಹಾಯ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಇಂಥ ನಕ್ಷತ್ರಗಳಿಂದ ಸರಕಿನ ಗುಣ ತಿಳಿಯದು.

ಇದಕ್ಕೆ ವಿರುದ್ಧವಾದ ಪ್ರಸಂಗ 2024ರ ಮೇ ತಿಂಗಳಲ್ಲಿ ನಡೆಯಿತು. ‘ಹೆಲ್‌ಡೈವರ್ಸ್ 2’ ಎಂಬ ಕಂಪ್ಯೂಟರ್ ಆಟವನ್ನು ಕೊಂಡು ತಿಂಗಳುಗಳಿಂದ ಆಡುತ್ತಿದ್ದವರಿಗೆ, ಇನ್ನು ಮುಂದೆ ಪ್ಲೇಸ್ಟೇಷನ್ ಜಾಲದ ಖಾತೆ ಕಡ್ಡಾಯವೆಂದು ಸೋನಿ ಕಂಪನಿ ತಿಳಿಸಿತು. ಎಷ್ಟೋ ದೇಶಗಳಲ್ಲಿ ಆ ಖಾತೆ ತೆರೆಯುವ ಅವಕಾಶವೇ ಇರಲಿಲ್ಲ. ಆಟ ಮಾರುತ್ತಿದ್ದ ಸ್ಟೀಮ್ ತಾಣದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪ್ರತಿಕೂಲ ವಿಮರ್ಶೆಗಳು ಬಂದವು. ಕೆಲವೇ ದಿನಗಳಲ್ಲಿ ಸೋನಿ ತನ್ನ ಆದೇಶ ಹಿಂತೆಗೆದುಕೊಂಡಿತು. ಸ್ಟೀಮ್‌ನಲ್ಲಿ ಆಟ ತಮ್ಮ ಖಾತೆಯಲ್ಲಿದ್ದವರಷ್ಟೇ ವಿಮರ್ಶೆ ಬರೆಯಬಲ್ಲರು. ಇದು ಕೋವೆಂಟ್ ಗಾರ್ಡನ್ನಿನ ಗದ್ದಲದ ಜಾತಿಗೆ ಸೇರಿದ್ದು. ‘ಗುಂಪು ವಿಮರ್ಶೆ’ ಎಂದು ಇದನ್ನು ಅಳಿಸಿದ್ದರೆ ಹಣ ಕೊಟ್ಟವನ ಕೈಯಲ್ಲಿದ್ದ ಒಂದೇ ಆಯುಧವನ್ನು ಕಿತ್ತುಕೊಂಡಂತಾಗುತ್ತಿತ್ತು.

ಹಾಗೆ ಕಿತ್ತುಕೊಂಡದ್ದೂ ಉಂಟು. 2021ರ ಜನವರಿ 28ರಂದು ಅಮೆರಿಕದ ರಾಬಿನ್‌ಹುಡ್ ಎಂಬ ಷೇರು ವ್ಯವಹಾರದ ಆ್ಯಪ್, ಗೇಮ್‌ಸ್ಟಾಪ್ ಮುಂತಾದ ಕಂಪನಿಗಳ ಷೇರು ಕೊಳ್ಳುವುದಕ್ಕೆ ತಡೆಯೊಡ್ಡಿತು. ಭದ್ರತಾ ಠೇವಣಿಯ ಒತ್ತಡವೇ ಕಾರಣವೆಂದು ಕಂಪನಿ ಹೇಳಿತು. ರೊಚ್ಚಿಗೆದ್ದ ಜನ ಒಂದು ನಕ್ಷತ್ರದ ಮಳೆಗರೆದರು. ಗೂಗಲ್ ಸುಮಾರು ಒಂದು ಲಕ್ಷ ವಿಮರ್ಶೆಗಳನ್ನು ತೆಗೆದುಹಾಕಿತೆಂದು ವರದಿಯಾಯಿತು. ಅವರಲ್ಲಿ ಆ ಆ್ಯಪ್ ಬಳಸದೆ ಗುಂಪಿನ ಜೊತೆ ಬಂದವರು ಎಷ್ಟು, ಅದೇ ದಿನ ಅದರಿಂದ ತೊಂದರೆಗೊಳಗಾದ ಸಣ್ಣ ಹೂಡಿಕೆದಾರರು ಎಷ್ಟು? ಅಳಿಸಿದ ಮೇಲೆ ಹೊರಗಿನವರಿಗೆ ಲೆಕ್ಕ ಹಾಕಲು ಸಾಧ್ಯವಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಹಾಗೆಂದು ಬಂದದ್ದನ್ನೆಲ್ಲ ಸುಮ್ಮನೆ ಬಿಡಬೇಕೆ? ಅದೂ ನ್ಯಾಯವಲ್ಲ. ಶುಕ್ರವಾರ ತೆರೆಕಂಡ ಸಣ್ಣ ಚಿತ್ರ ಸೋಮವಾರದ ಹೊತ್ತಿಗೆ ಚಿತ್ರಮಂದಿರ ಕಳೆದುಕೊಳ್ಳಬಹುದು. ಚಿತ್ರ ನೋಡದವರು ಸೇರಿ ನಕ್ಷತ್ರ ಇಳಿಸಿದರೆ ಹತ್ತಾರು ಜನರ ವರ್ಷಗಳ ದುಡಿಮೆ ಮೂರು ದಿನದಲ್ಲಿ ಮಣ್ಣುಪಾಲು. 2023ರಲ್ಲಿ ಇಂಥದೇ ಅಳಲು ಕೇರಳ ಹೈಕೋರ್ಟಿನ ಮುಂದೆ ಬಂದಿತ್ತು. ದೊಡ್ಡ ಕಂಪನಿ ತಡೆದುಕೊಂಡೀತು. ಬೀದಿ ಮೂಲೆಯ ಖಾನಾವಳಿಯವನಿಗೆ, ಹೊಸ ನಿರ್ದೇಶಕನಿಗೆ ಆ ಶಕ್ತಿ ಇರುವುದಿಲ್ಲ.

ಇವೆರಡರ ನಡುವೆ ದಾರಿ ಇದೆ; ಕೆಲವರು ಅದರಲ್ಲಿ ನಡೆದೂ ತೋರಿಸಿದ್ದಾರೆ. ‘ಕ್ಯಾಪ್ಟನ್ ಮಾರ್ವೆಲ್’ ಚಿತ್ರ 2019ರಲ್ಲಿ ಬಿಡುಗಡೆಯಾಗುವ ಮೊದಲೇ ಅದರ ಮೇಲೆ ದಾಳಿ ನಡೆದಾಗ, ರಾಟನ್ ಟೊಮ್ಯಾಟೋಸ್ ತಾಣ ಬಿಡುಗಡೆಗೆ ಮುಂಚಿನ ಪ್ರೇಕ್ಷಕರ ಟಿಪ್ಪಣಿಗಳನ್ನು ನಿಲ್ಲಿಸಿತು. ಆ ವರ್ಷವೇ, ಟಿಕೆಟ್ ಕೊಂಡದ್ದು ಖಚಿತವಾದವರ ಅಂಕವನ್ನು ಬೇರೆಯಾಗಿ ತೋರಿಸಲು ಆರಂಭಿಸಿತು. ಸ್ಟೀಮ್ ತಾಣ 2019ರ ಮಾರ್ಚಿನಲ್ಲಿ ಇನ್ನೊಂದು ಉಪಾಯ ಹೂಡಿತು. ವಿಮರ್ಶೆಗಳು ಅಸಹಜವಾಗಿ ಏರಿದಾಗ ಯಂತ್ರ ಎಚ್ಚರಿಸುತ್ತದೆ, ಸಿಬ್ಬಂದಿ ಕುಳಿತು ಕಾರಣ ಪರಿಶೀಲಿಸುತ್ತಾರೆ. ಆಟಕ್ಕೆ ಸಂಬಂಧವಿಲ್ಲದ ಗಲಾಟೆಯೆಂದು ಕಂಡರೆ ಆ ಅವಧಿಯ ವಿಮರ್ಶೆಗಳನ್ನು ಒಟ್ಟು ಅಂಕಕ್ಕೆ ಸೇರಿಸುವುದಿಲ್ಲ. ಆದರೆ ಬರೆದದ್ದು ಅಲ್ಲೇ ಇರುತ್ತದೆ. ಬೇಕಾದವರು ಓದಬಹುದು, ಲೆಕ್ಕಕ್ಕೂ ಸೇರಿಸಿಕೊಳ್ಳಬಹುದು. ಕಾಳು ಜೊಳ್ಳು ಬೇರೆ ಮಾಡಿ, ಜೊಳ್ಳನ್ನೂ ಕಣದಲ್ಲೇ ಬಿಟ್ಟ ರೀತಿ ಇದು.

ಕಾನೂನು ಕೂಡ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಭಾರತೀಯ ಮಾನಕ ಸಂಸ್ಥೆ 2022ರ ನವೆಂಬರಿನಲ್ಲಿ ಗ್ರಾಹಕರ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. ಬರೆದವರು ನಿಜವಾದ ವ್ಯಕ್ತಿಗಳೇ ಎಂದು ದೃಢಪಡಿಸಿಕೊಳ್ಳುವ ಕ್ರಮಗಳನ್ನು ಅದು ಹೇಳುತ್ತದೆ. ಹೊರಟಾಗ ಅದರ ಪಾಲನೆ ಐಚ್ಛಿಕವಾಗಿತ್ತು. ಅಮೆರಿಕದಲ್ಲಿ ನಾಲ್ಕು ನಕ್ಷತ್ರಕ್ಕಿಂತ ಕಡಿಮೆಯ ವಿಮರ್ಶೆಗಳನ್ನು ಬಚ್ಚಿಟ್ಟ ಆರೋಪದ ಮೇಲೆ ಫ್ಯಾಷನ್ ನೋವಾ ಎಂಬ ಬಟ್ಟೆ ಕಂಪನಿ 2022ರಲ್ಲಿ 42 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಬೈಗುಳ ಹೆಚ್ಚಾದರೆ ಗಿರಾಕಿಗೆ ಮೋಸವಾಗುವಂತೆ, ಹೊಗಳಿಕೆ ಮಾತ್ರ ಉಳಿದರೂ ಮೋಸವೇ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಚಪ್ಪಾಳೆ ತಟ್ಟಲೆಂದೇ ಕೂಲಿಯವರಿದ್ದರು; ‘ಕ್ಲಾಕ್’ ಎಂದು ಅವರ ಹೆಸರು. ಸಿಳ್ಳೆಯನ್ನಷ್ಟೇ ನಿಷೇಧಿಸಿದ ರಂಗಮಂದಿರದಲ್ಲಿ ಕೊನೆಗೆ ಉಳಿಯುವುದು ಆ ಕೂಲಿಯವರ ಸದ್ದು.

ಆದ್ದರಿಂದ ಬೆದರಿಕೆ, ಜಾತಿನಿಂದನೆ, ಯಂತ್ರದಿಂದ ಬರೆಸಿದ ಸುಳ್ಳು ಇವನ್ನು ತೆಗೆಯಲಿ. ಉಳಿದ ಗುಂಪು ವಿಮರ್ಶೆಗಳ ವಿಷಯದಲ್ಲಿ ತಾಣಗಳು ಮಾಡಬೇಕಾದ್ದು ಮೂರು ಕೆಲಸ. ಬರೆದವನು ಕೊಂಡವನೇ, ದೂರು ಆ ವಸ್ತುವಿನದೇ ಎಂದು ವಿಚಾರಿಸುವುದು. ಸಂಬಂಧವಿಲ್ಲದ್ದನ್ನು ಅಂಕಕ್ಕೆ ಸೇರಿಸದಿರುವುದು. ಹಾಗೆ ಮಾಡಿದ್ದೇವೆಂದು ಕಾರಣಸಮೇತ ಅಲ್ಲೇ ಬರೆದು ತಿಳಿಸುವುದು. ಚೀಟಿ ಕೊಟ್ಟು ಅಭಿಪ್ರಾಯ ಕೇಳಿದವರು, ಬಂದ ಚೀಟಿಗಳನ್ನು ಗುಟ್ಟಾಗಿ ಒಲೆಗೆ ಹಾಕಬಾರದು. ಹಾಕಿದರೆ ಮುಂದಿನ ಸಲ ಐದು ನಕ್ಷತ್ರ ಕಂಡಾಗಲೂ ಗಿರಾಕಿ ಅದನ್ನು ನಂಬಲಾರ.